ಡಿಸೆಂಬರ್ ಚಳಿಗೆ ಮೆಣಸಿನಕಾಯಿ ಸಸಿ ಬಾಡುತ್ತಿದೆ, ಪ್ಲಾಸ್ಟಿಕ್ ಹೊದಿಸಲೇ?

ಬೇಡ. ಬೆಳಗ್ಗೆ ಎಲೆ ಜೋತು ಬಿದ್ದಿರುತ್ತದೆ, ಕಾಂಡ ನೇರಳೆ ಬಣ್ಣಕ್ಕೆ ತಿರುಗಿದೆ, ದಿನಾ ಸಂಜೆ ನೀರು ಕೊಡುತ್ತಿದ್ದೇನೆ ಅಂತ ಬರೆದಿದ್ದೀರಿ. ಆ ಸಂಜೆಯ ನೀರನ್ನು ಇವತ್ತೇ ನಿಲ್ಲಿಸಿ. ನನ್ನ ಒಟ್ಲು, ಅಂದರೆ ಸಸಿ ಮಡಿ, ಪೂರ್ತಿ ಹೋಗಿದ್ದು ಅದರಿಂದಲೇ.

ನಮ್ಮದು ಚಿಕ್ಕಮಗಳೂರಿನ ಆಲ್ದೂರು ಕಡೆ. ಮೇಲೆ ಕಾಫಿ ತೋಟ, ಕೆಳಗೆ ಗದ್ದೆ, ಗದ್ದೆ ಪಕ್ಕದಲ್ಲಿ ಹಳ್ಳ. ನೀರು ಹತ್ತಿರ ಇರಲಿ ಅಂತ ಹಳ್ಳದ ದಡದಲ್ಲೇ ಮೆಣಸಿನ ಮಡಿ ಮಾಡಿದ್ದೆ. ಬೀಜ ಚೆನ್ನಾಗಿ ಹುಟ್ಟಿತು. ಸಸಿ ನಾಲ್ಕೆಲೆ ಬಿಡುವ ಹೊತ್ತಿಗೆ ಧನುರ್ಮಾಸ ಬಂತು. ಬಿಸಿಲು ಬಿದ್ದ ಕೂಡಲೇ ಸಸಿಗಳು ತಲೆ ಬಾಗಿಸಿ ನಿಲ್ಲಲು ಶುರುವಾಯಿತು. ಬಾಡಿದ ಗಿಡ ಅಂದರೆ ಬಾಯಾರಿದ ಗಿಡ ಅಂತಲೇ ಅಲ್ವಾ ನಾವೆಲ್ಲ ಅಂದುಕೊಳ್ಳುವುದು? ರಾತ್ರಿಯೆಲ್ಲ ಕುಡಿದುಕೊಳ್ಳಲಿ ಅಂತ ಸಂಜೆ ಕೊಡ ಕೊಡ ನೀರು ಹಾಕಿದೆ. ಮಾರನೇ ದಿನ ಇನ್ನೂ ಬಾಡಿದವು. ಇನ್ನೂ ಹಾಕಿದೆ.

ಆಗ ಮಣ್ಣಿನೊಳಗೆ ಏನು ನಡೆಯುತ್ತಿತ್ತು ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡುತ್ತಿದ್ದೀರಿ. ಮೆಣಸು ಬಿಸಿ ನಾಡಿನ ಗಿಡ. ಮಣ್ಣು ತಣ್ಣಗಾದರೆ ಅದರ ಬೇರಿಗೆ ನೀರು ಎಳೆಯುವ ಶಕ್ತಿಯೇ ಕುಗ್ಗುತ್ತದೆ. ಬೆಳಗ್ಗೆ ಬಿಸಿಲಿಗೆ ಎಲೆ ಬೇಗ ಬೆಚ್ಚಗಾಗಿ ನೀರು ಬಿಡಲು ಶುರು ಮಾಡುತ್ತದೆ, ಮಣ್ಣು ಮಾತ್ರ ಇನ್ನೂ ತಣ್ಣಗೇ ಇರುತ್ತದೆ. ಮೇಲಿನ ಖರ್ಚಿಗೆ ಕೆಳಗಿನಿಂದ ಪೂರೈಕೆ ಇಲ್ಲ, ಹಾಗಾಗಿ ಎಲೆ ಜೋಲುತ್ತದೆ. ಬುಡದಲ್ಲಿ ನೀರು ಬೇಕಾದಷ್ಟಿದ್ದರೂ ಅಷ್ಟೇ. ಅದರ ಮೇಲೆ ಸಂಜೆ ಇನ್ನಷ್ಟು ನೀರು ಸುರಿದರೆ ಮಣ್ಣಿನೊಳಗಿನ ಗಾಳಿ ಹೊರಗೆ ಹೋಗುತ್ತದೆ, ಬೇರಿಗೆ ಉಸಿರು ಕಟ್ಟುತ್ತದೆ. ಪಿಥಿಯಂ ಅನ್ನುವ ಶಿಲೀಂಧ್ರದಂಥ ಜೀವಿಗೆ ಬೇಕಾಗಿರುವುದೂ ಇಂಥ ಒದ್ದೆ ಮಣ್ಣೇ. ಸಸಿ ಕೊಳೆ ರೋಗ ಬರುವುದು ಹೀಗೆ. ಸಸಿಯ ಬುಡ ಮಣ್ಣಿಗೆ ತಾಗುವ ಜಾಗದಲ್ಲಿ ಕಂದಾಗಿ, ದಾರದಷ್ಟು ಸಣ್ಣಗಾಗಿ, ಅಲ್ಲೇ ಮಡಚಿ ಬೀಳುತ್ತದೆ. ನಾನು ಅದನ್ನೂ ಚಳಿ ಅಂತಲೇ ತಿಳಿದು ಮಡಿಗೆ ಪ್ಲಾಸ್ಟಿಕ್ ಹೊದಿಸಿದೆ. ಒಳಗೆ ಬೆವರಿಳಿದು, ಒಂದು ಮೂಲೆಯಲ್ಲಿದ್ದ ಕೊಳೆ ಇಡೀ ಮಡಿಗೆ ಹರಡಿತು.

ನಿಮ್ಮದು ಯಾವ ಹಂತದಲ್ಲಿದೆ ಅಂತ ನೋಡಿಕೊಳ್ಳುವುದು ಸುಲಭ. ಹನ್ನೊಂದು ಗಂಟೆ ಹೊತ್ತಿಗೆ ಮಣ್ಣು ಬೆಚ್ಚಗಾಗಿ ಸಸಿ ತಾನಾಗಿಯೇ ಎದ್ದು ನಿಂತರೆ ಅದು ಬರೀ ಚಳಿ, ಹೆದರಬೇಡಿ. ನೇರಳೆ ಬಣ್ಣಕ್ಕೂ ಸುಮ್ನೆ ಗೊಬ್ಬರ ಸುರಿಯಬೇಡಿ. ತಣ್ಣನೆ ಮಣ್ಣಿನಲ್ಲಿ ಬೇರಿಗೆ ರಂಜಕ (ಫಾಸ್ಫರಸ್) ಸಿಗದೆ ಈ ಬಣ್ಣ ಬರುತ್ತದೆ, ಬಿಸಿಲು ಜಾಸ್ತಿಯಾದಂತೆ ಹೊಸ ಎಲೆ ಹಸಿರಾಗಿಯೇ ಬರುತ್ತದೆ. ಯೂರಿಯಾವಂತೂ ಈಗ ಮುಟ್ಟಲೇಬೇಡಿ, ಅದರಿಂದ ಬರುವ ಎಳೆ ಚಿಗುರೇ ಮೊದಲು ಚಳಿಗೆ ಸಿಗುವುದು. ಆದರೆ ಬುಡ ಸಣ್ಣಗಾಗಿ ಬಿದ್ದ ಸಸಿ ಏಳುವುದಿಲ್ಲ. ಅಂಥವನ್ನು ಮಣ್ಣಿನ ಸಮೇತ ತೆಗೆದು ದೂರ ಹಾಕಿ. ಉಳಿದ ಸಸಿಗಳ ಬುಡಕ್ಕೆ, ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ಶಿಲೀಂಧ್ರನಾಶಕ ಕಲಸಿ, ಮಧ್ಯಾಹ್ನದೊಳಗೆ ಹಾಕಿ.

ಹಿಮ ಬಿದ್ದು ಸಾಯುತ್ತಿದೆ ಅಂದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ಬೆಳಗ್ಗೆ ಬಿಳಿಯಾಗಿ ಕಾಣುವುದು ಹೆಚ್ಚಾಗಿ ಇಬ್ಬನಿ. ನೀರು ಹೆಪ್ಪುಗಟ್ಟಲು ಎಲೆಯ ಮೈ ಸೊನ್ನೆ ಡಿಗ್ರಿಗೆ ಇಳಿಯಬೇಕು. ಮೆಣಸು ಅಷ್ಟರವರೆಗೆ ಕಾಯುವುದೂ ಇಲ್ಲ. ಸುಮಾರು 15 ಡಿಗ್ರಿಗಿಂತ ಕೆಳಗೆ ಹೋದರೆ ಬೆಳವಣಿಗೆ ನಿಲ್ಲುತ್ತದೆ, 10ಕ್ಕಿಂತ ಕೆಳಗೆ ಕೆಲವು ರಾತ್ರಿ ಕಳೆದರೆ ಎಲೆಗೇ ಪೆಟ್ಟು ಬೀಳುತ್ತದೆ.

ಅದಕ್ಕೇ ಜಾಗ ಮುಖ್ಯ. ಬೆಟ್ಟದ ಮೇಲಿದ್ದಷ್ಟೂ ಚಳಿ ಜಾಸ್ತಿ ಅನ್ನುವುದು ಎಲ್ಲ ರಾತ್ರಿಗೂ ನಿಜವಲ್ಲ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ತಣ್ಣನೆ ಗಾಳಿ ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ಗದ್ದೆ ಬಯಲಿನಲ್ಲಿ ನಿಲ್ಲುತ್ತದೆ. ನನ್ನ ಹಳ್ಳದ ದಡದ ಮಡಿಗಿಂತ ಮೇಲಿನ ತೋಟದ ಅಂಚೇ ಬೆಚ್ಚಗಿತ್ತು. ನಿಮ್ಮದು ಟ್ರೇ ಸಸಿಯಾದರೆ ರಾತ್ರಿ ಜಗಲಿಗೆ ಎತ್ತಿಡಿ, ಬೇರೆ ಯಾವ ಉಪಾಯವೂ ಬೇಡ. ನೆಲದ ಮಡಿಯಾದರೆ ಸುತ್ತ ಕಾಲುವೆ ತೆಗೆದು ನೀರು ಬಸಿಯುವ ಹಾಗೆ ಮಾಡಿ. ಮುಂದಿನ ಸಲ ಪೂರ್ವದ ಬಿಸಿಲು ಬೀಳುವ ಎತ್ತರದ ಜಾಗದಲ್ಲಿ, ಗೇಣೆತ್ತರದ ಏರು ಮಡಿ ಮಾಡಿಕೊಳ್ಳಿ.

ನೀರು ಬೆಳಗ್ಗೆ ಒಂಬತ್ತು ಹತ್ತರ ಮೇಲೆ ಕೊಡಿ, ಅದೂ ಬೆರಳು ಚುಚ್ಚಿ ನೋಡಿ ಒಣಗಿದ್ದರೆ ಮಾತ್ರ. ಪೂರ್ತಿ ಒಣಗಿಸುವುದೂ ತಪ್ಪು. ಹದವಾಗಿ ಹಸಿಯಿರುವ ಮಣ್ಣು ಹಗಲಿನ ಬಿಸಿಯನ್ನು ಒಣ ಮಣ್ಣಿಗಿಂತ ಚೆನ್ನಾಗಿ ಹಿಡಿದಿಟ್ಟು ರಾತ್ರಿ ಬಿಡುತ್ತದೆ.

ಆ ಬಿಸಿ ಆಕಾಶಕ್ಕೆ ಹೋಗದಂತೆ ತಡೆಯುವುದಷ್ಟೇ ಹೊದಿಕೆಯ ಕೆಲಸ. ಅದಕ್ಕೆ ಅಡಿಕೆ ಸೋಗೆ ಸಾಕು, ಇಲ್ಲದಿದ್ದರೆ ಹಳೇ ಪಂಚೆ. ನಾಲ್ಕು ಗೂಟ ನೆಟ್ಟು, ಎಲೆಗೆ ತಾಗದ ಹಾಗೆ, ಬಿಸಿಲು ಪೂರ್ತಿ ಇಳಿಯುವ ಮೊದಲೇ ಹಾಸಿ. ಬೆಳಗ್ಗೆ ಬಿಸಿಲು ಬಂದ ಕೂಡಲೇ ತೆಗೆಯಿರಿ. ತೆಗೆಯಲು ಪುರುಸೊತ್ತಿಲ್ಲ ಅನ್ನುವವರು ಹೊದಿಸದಿರುವುದೇ ವಾಸಿ.

ನಾನೀಗ ಸಂಕ್ರಾಂತಿ ಕಳೆಯದೆ ಬೀಜವನ್ನೇ ಹಾಕುವುದಿಲ್ಲ. 15 ಡಿಗ್ರಿಯ ಮಣ್ಣಿನಲ್ಲಿ ಮೊಳಕೆ ಬರಲು ಮೂರು ವಾರ ದಾಟುತ್ತದೆ, 25 ಡಿಗ್ರಿಯಲ್ಲಿ ಎಂಟು ಹತ್ತು ದಿನ ಸಾಕು. ಡಿಸೆಂಬರ್‌ನಲ್ಲಿ ಹಾಕಿ ಗಳಿಸುವುದು ಏನೂ ಇಲ್ಲ. ನಿಮ್ಮ ಸಸಿ ಈಗಾಗಲೇ ಹುಟ್ಟಿವೆ, ಹಾಗಾಗಿ ಉಳಿಸಿಕೊಳ್ಳಿ, ಆದರೆ ಗುಣಿಗೆ ನೆಡಲು ಅವಸರ ಮಾಡಬೇಡಿ. ರಾತ್ರಿ ಚಳಿ ಮುರಿದು, ಹೊಸ ಎಲೆ ಹಸಿರಾಗಿ ಬರುವವರೆಗೆ ಮಡಿಯಲ್ಲೇ ಇರಲಿ.