ಹೊಲದ ಎರೆಮಣ್ಣನ್ನೇ ಕುಂಡಕ್ಕೆ ತುಂಬಬಹುದೇ?

ದಾವಣಗೆರೆಯಲ್ಲಿ ತಾರಸಿ ಮೇಲೆ ಮೊದಲ ಸಲ ಮೆಣಸಿನ ಗಿಡ ಹಾಕಲು ಹೊಲದ ಎರೆಮಣ್ಣು (ಕಪ್ಪು ಜಿಗುಟು ಮಣ್ಣು) ಸಾಕೇ ಎಂದು ಕೇಳಿದ್ದೀರಿ. ಬರೀ ಎರೆ ಬೇಡ. ನೀರು ಬಿದ್ದರೆ ಅಂಟಾಗಿ ಬೇರಿಗೆ ಗಾಳಿಯಾಡುವುದಿಲ್ಲ. ಒಣಗಿದರೆ ಬಿರಿದು ಕುಂಡದ ಅಂಚು ಬಿಡುತ್ತದೆ. ಹಾಕಿದ ನೀರೆಲ್ಲ ಆ ಸಂದಿಯಲ್ಲಿ ಇಳಿದು ತಳದಿಂದ ಹೊರಗೆ ಹೋಗುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ.

ಎರಡು ಬುಟ್ಟಿ ಕೆಂಪು ಮಣ್ಣು (ಚಿತ್ರದುರ್ಗದ ಕಡೆ ಧಾರಾಳವಾಗಿ ಸಿಗುತ್ತದೆ), ಒಂದು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಬುಟ್ಟಿ ತೆಂಗಿನ ನಾರಿನ ಪುಡಿ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. ಗೊಬ್ಬರದಲ್ಲಿ ಇನ್ನೂ ಸೆಗಣಿ ವಾಸನೆಯಿದ್ದರೆ ದಯವಿಟ್ಟು ಹಾಕಬೇಡಿ, ಬೇರು ಸುಡುತ್ತದೆ. ಒದ್ದೆ ಮಿಶ್ರಣವನ್ನು ಮುಷ್ಟಿಯಲ್ಲಿ ಒತ್ತಿ ನೋಡಿ: ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು.

ನೀರಿಗೆ ಮುಂಚೆ ಬೆರಳನ್ನು ಒಂದು ಗೆಣ್ಣು ಇಳಿಸಿ, ಒಣಗಿದ್ದರಷ್ಟೇ ಹಾಕಿ.