ಮೆದುಳಿನ ಆಪರೇಷನ್‌ನಲ್ಲಿ ನೀರು ಇಳಿಸುವ ಔಷಧಿ ಕೊಟ್ಟು, ಜೊತೆಗೇ ಸಲೈನ್ ಏರಿಸುವುದೇಕೆ?

ನಿಮ್ಮ ತಂದೆಯವರಿಗೆ ಮೆದುಳಿನ ಗಡ್ಡೆ ತೆಗೆಯುವಾಗ ನೀರು ಇಳಿಸುವ ಮ್ಯಾನಿಟಾಲ್ ಕೊಟ್ಟರು, ಮೂತ್ರದ ಚೀಲ ತುಂಬಿತು. ಅದೇ ಹೊತ್ತಿಗೆ ಸಲೈನೂ ಹೋಗುತ್ತಿತ್ತು, ಮತ್ತೆ ಮೆದುಳು ಊದುವುದಿಲ್ಲವೇ ಎಂದು ಕೇಳಿದ್ದೀರಿ. ನಾನು ಅರಿವಳಿಕೆ ವೈದ್ಯೆ. ಥಿಯೇಟರ್ ಬಾಗಿಲಲ್ಲಿ ನಿಂತವರು ಇದನ್ನು ಎಷ್ಟೋ ಸಲ ಕೇಳಿದ್ದಾರೆ.

ನಮ್ಮ ಮಲೆನಾಡಲ್ಲಿ ಮಾವಿನ ಮಿಡಿಗೆ ಉಪ್ಪು ಹಾಕಿಟ್ಟರೆ ನಾಲ್ಕೈದು ದಿನಕ್ಕೆ ನೀರು ಬಿಟ್ಟು ಮಿಡಿ ಚಿರುಟಿಕೊಳ್ಳುತ್ತದೆ. ಇಲ್ಲಿ ನಡೆಯುವುದೂ ಅದೇ. ಮೆದುಳಿನ ರಕ್ತನಾಳದ ಗೋಡೆ ನೀರನ್ನು ಬಿಡುತ್ತದೆ, ಉಪ್ಪನ್ನೂ ಮ್ಯಾನಿಟಾಲನ್ನೂ ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ರಕ್ತ ಗಾಢವಾದರೆ ಮೆದುಳಿನ ನೀರು ರಕ್ತಕ್ಕೆ ಬರುತ್ತದೆ. 20% ಮ್ಯಾನಿಟಾಲನ್ನು ಸಾಮಾನ್ಯವಾಗಿ ಕೆಜಿ ತೂಕಕ್ಕೆ 0.25ರಿಂದ 1 ಗ್ರಾಂ ಲೆಕ್ಕದಲ್ಲಿ, ಬುರುಡೆ ತೆರೆಯುವ ಹೊತ್ತಿಗೆ ಕೆಲಸ ಮಾಡುವ ಹಾಗೆ ಕೊಡುತ್ತೇವೆ.

ಮೂತ್ರ ಹೋಗುವುದು ನಮ್ಮ ಉದ್ದೇಶವಲ್ಲ, ಅದರ ಬಾಲ ಅಷ್ಟೇ. ಹೋದದ್ದನ್ನು ತುಂಬದಿದ್ದರೆ ಬಿಪಿ ಬೀಳುತ್ತದೆ, ಮೆದುಳಿಗೆ ರಕ್ತ ಸಾಲುವುದಿಲ್ಲ. ಮೊದಲು ರೋಗಿಯನ್ನು ಒಣಗಿಸಿಯೇ ಇಡಬೇಕು ಅನ್ನುವವರಿದ್ದರು. ಈಗ ಆ ಮಾತು ನಿಂತಿದೆ. ಎಷ್ಟು ಕೊಟ್ಟರು ಅನ್ನುವುದಕ್ಕಿಂತ ಯಾವುದನ್ನು ಕೊಟ್ಟರು ಅನ್ನುವುದು ಮುಖ್ಯ. ನಾರ್ಮಲ್ ಸಲೈನ್‌ನ ಗಾಢತೆ, ಅಂದರೆ ಕರಗಿದ ಕಣಗಳ ಲೆಕ್ಕ, ಲೀಟರಿಗೆ 308 ಮಿಲಿಆಸ್ಮೋಲ್, ರಕ್ತದ್ದು 290ರ ಆಸುಪಾಸು, ಹಾಗಾಗಿ ಅದು ಮೆದುಳಿಗೆ ನೀರು ತಳ್ಳುವುದಿಲ್ಲ. 5% ಡೆಕ್ಸ್‌ಟ್ರೋಸ್ ಹಾಗಲ್ಲ: ಅದರ ಸಕ್ಕರೆಯನ್ನು ದೇಹ ಬಳಸಿಕೊಂಡ ಮೇಲೆ ಉಳಿಯುವುದು ಬರೀ ನೀರು. ರೋಗಿಯ ರಕ್ತದಲ್ಲಿ ಸಕ್ಕರೆ ಇಳಿದಿಲ್ಲವಾದರೆ ನಾವು ಅದನ್ನು ಮುಟ್ಟುವುದಿಲ್ಲ.

ಮ್ಯಾನಿಟಾಲ್ ಬದಲು 3% ಸಲೈನೂ ಇದೆ. ಹೆಚ್ಚುಕಡಿಮೆ ಅಷ್ಟೇ ಗಾಢ, ಆದರೆ ಅಷ್ಟು ಮೂತ್ರ ಹೊರಡಿಸುವುದಿಲ್ಲ. ಬಿಪಿ ಕಡಿಮೆ ಇದ್ದರೆ ನನ್ನ ಕೈ ಹೋಗುವುದು ಅದಕ್ಕೇ. ಆದರೆ ರಕ್ತದ ಸೋಡಿಯಂ ಮೇಲೆ ಕಣ್ಣಿಟ್ಟಿರಬೇಕು.

ಒಂದು ವಿಷಯ ಹೆಚ್ಚು ಜನಕ್ಕೆ ಗೊತ್ತಿರುವುದಿಲ್ಲ. ಗಡ್ಡೆಯ ಸುತ್ತ ರಕ್ತನಾಳದ ಗೋಡೆಯೇ ಸೋರುತ್ತಿರುತ್ತದೆ, ಅಲ್ಲಿ ಈ ಉಪಾಯ ಅಷ್ಟಾಗಿ ನಡೆಯದು. ಚಿರುಟುವುದು ಹೆಚ್ಚಾಗಿ ಆರೋಗ್ಯವಂತ ಭಾಗ. ಅದು ಸರಿದು ಜಾಗ ಕೊಡುತ್ತದೆ. ಗಡ್ಡೆ ಸುತ್ತಲಿನ ಊತಕ್ಕೆ ಕೊಡುವುದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ನಿಮ್ಮ ತಂದೆಯವರಿಗೂ ಅದನ್ನು ಕೊಟ್ಟಿರಬಹುದು, ಡಿಸ್ಚಾರ್ಜ್ ಚೀಟಿ ನೋಡಿ. ಬರೆದಿದ್ದರೆ ನೀವಾಗಿ ನಿಲ್ಲಿಸಬೇಡಿ, ಅದನ್ನು ಹಂತಹಂತವಾಗಿಯೇ ಇಳಿಸಬೇಕು.