ಮನೆಗೊಬ್ಬ ಸಿಪಾಯಿ ಇದ್ದರೆ ಸರ್ಕಾರ ಹೆದರುತ್ತದೆಯೇ?

ವಾಸ್ಕೋದ ಹಿರಿಯ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಸಾರ ಇಷ್ಟು: ‘ಪಗಾರಕ್ಕೆ ದುಡಿಯುವ ಸೈನ್ಯ ಸರ್ಕಾರದ್ದು. ಮನೆಗೊಬ್ಬನಂತೆ ಕಡ್ಡಾಯವಾಗಿ ಸೇರಿಸಿಕೊಂಡ ಸೈನ್ಯ ಜನರದ್ದು. ಅಂಥ ದೇಶದಲ್ಲಿ ಜನ ಬೀದಿಗಿಳಿದರೆ ಗುಂಡು ಹಾರಿಸುವವರೇ ಸಿಗುವುದಿಲ್ಲ. 1917ರ ಕ್ರಾಂತಿಯ ಪೆಟ್ರೊಗ್ರಾಡ್ ನೋಡಿ. ನಮ್ಮಲ್ಲೂ ಕಡ್ಡಾಯ ಸೇವೆ ಬರಲಿ ಅಂತ ಒಂದು ಸಂಪಾದಕೀಯ ಬರೆಯಿರಿ.’

ನಮಸ್ಕಾರ ಹಿರಿಯರೇ. ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ಅದಕ್ಕೆ ಸಾಕ್ಷಿ ಹುಡುಕಲು ರಷ್ಯಾದವರೆಗೆ ಹೋಗಬೇಕಿಲ್ಲ, ನಿಮ್ಮ ಗೋವಾವನ್ನು ಆಳಿದ ಪೋರ್ಚುಗಲ್ ಸಾಕು.

1961ರ ಡಿಸೆಂಬರ್‌ನಲ್ಲಿ ನಮ್ಮ ಸೈನ್ಯ ಗೋವಾದೊಳಗೆ ಬಂದಾಗ ಲಿಸ್ಬನ್‌ನಲ್ಲಿ ಕುಳಿತ ಪೋರ್ಚುಗಲ್‌ನ ಸರ್ವಾಧಿಕಾರಿ ಸಾಲಜಾರ್ ಕೊಟ್ಟಿದ್ದ ಆಜ್ಞೆ ಒಂದೇ: ಸಾಯಿರಿ, ಶರಣಾಗಬೇಡಿ. ಗವರ್ನರ್ ಜನರಲ್ ವಾಸಾಲೊ ಇ ಸಿಲ್ವಾ ಅದನ್ನು ಕೇಳಲಿಲ್ಲ. ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಸುಮ್ನೆ ಬಲಿ ಕೊಡಲು ಒಪ್ಪದೆ 19ರಂದು ಶರಣಾದರು. ಆಮೇಲೆ ಅವರನ್ನು ಸೈನ್ಯದಿಂದಲೇ ಹೊರಹಾಕಿದರು.

ಅದೇ ವರ್ಷ ಪೋರ್ಚುಗಲ್‌ನ ಆಫ್ರಿಕಾದ ವಸಾಹತು ಅಂಗೋಲಾದಲ್ಲಿ ಯುದ್ಧ ಶುರುವಾಗಿತ್ತು. ಆಮೇಲೆ ಗಿನಿ, ಮೊಜಾಂಬಿಕ್. ಹದಿಮೂರು ವರ್ಷ ಪೋರ್ಚುಗಲ್‌ನ ಹುಡುಗರನ್ನು ಕಡ್ಡಾಯವಾಗಿ ಹಿಡಿದು ಆಫ್ರಿಕಾಕ್ಕೆ ಸಾಗಿಸಿದರು. ತಪ್ಪಿಸಿಕೊಳ್ಳಲು ಗಡಿ ದಾಟಿ ಫ್ರಾನ್ಸಿಗೆ ಓಡಿಹೋದವರೂ ಬಹಳ. ಕೊನೆಗೆ 1974ರ ಏಪ್ರಿಲ್ 25ರಂದು ಸೈನ್ಯವೇ ಸರ್ಕಾರವನ್ನು ಕೆಡವಿತು. ಆದರೆ ಒಂದು ವಿಷಯ ಗಮನಿಸಿ. ದಂಗೆಯ ಯೋಜನೆ ಹಾಕಿದವರು ಕಡ್ಡಾಯ ಭರ್ತಿಯ ಹುಡುಗರಲ್ಲ, ಪಗಾರದ ಕ್ಯಾಪ್ಟನ್‌ಗಳು. ಅವರ ಮೊದಲ ಸಿಟ್ಟು ಕೂಡ ಬಡ್ತಿಯದೇ. ಕಡ್ಡಾಯ ಸೇವೆಗೆ ಬಂದ ಅಧಿಕಾರಿಗಳಿಗೆ ಚಿಕ್ಕ ಕೋರ್ಸ್ ಮಾಡಿಸಿ ತಮ್ಮ ಸಾಲಿಗೇ ತಂದು ನಿಲ್ಲಿಸುವ 1973ರ ಆದೇಶ ಅವರನ್ನು ಕೆರಳಿಸಿತ್ತು. ದೊಡ್ಡ ದೊಡ್ಡ ಕ್ರಾಂತಿಗಳ ಬುಡದಲ್ಲಿ ಸೀನಿಯಾರಿಟಿ ಜಗಳ ಸಿಗುವುದು ನನಗಂತೂ ಆಶ್ಚರ್ಯವಲ್ಲ. ಮುಂಬಯಿಯಲ್ಲಿ ನಾನೂ ಆಫೀಸಿನಲ್ಲೇ ಕೂದಲು ಹಣ್ಣು ಮಾಡಿಕೊಂಡವನು.

ಹಾಗಾದರೆ ಹುಡುಗರು ಮಾಡಿದ್ದೇನು? ಅಂದು ಬೆಳಗ್ಗೆ ಲಿಸ್ಬನ್‌ನ ನದಿ ದಂಡೆಯ ಹತ್ತಿರ ಸರ್ಕಾರದ ಕಡೆಯ ಟ್ಯಾಂಕುಗಳೂ ಬಂಡೆದ್ದ ತುಕಡಿಯೂ ಎದುರುಬದುರಾದವು. ಬಂಡಾಯದ ಕ್ಯಾಪ್ಟನ್ ಸಾಲ್ಗೇರೊ ಮಾಯಾ ಮಾತಾಡಲು ನಡೆದು ಬಂದ. ‘ಹೊಡೆಯಿರಿ’ ಎಂದು ಬ್ರಿಗೇಡಿಯರ್ ಕೂಗಿದ. ಕಡ್ಡಾಯ ಸೇವೆಗೆ ಬಂದಿದ್ದ ಒಬ್ಬ ಯುವ ಅಧಿಕಾರಿ ಆಗುವುದಿಲ್ಲ ಎಂದ. ಅವನನ್ನು ಅಲ್ಲೇ ಬಂಧಿಸಿದರು. ಬ್ರಿಗೇಡಿಯರ್ ನೇರವಾಗಿ ಟ್ಯಾಂಕಿನ ಕಾರ್ಪೊರಲ್‌ಗೆ ಹೇಳಿದ. ಅವನು ಎದುರು ಮಾತಾಡಲಿಲ್ಲ. ಟ್ಯಾಂಕಿನ ಮುಚ್ಚಳ ಎಳೆದುಕೊಂಡು ಒಳಗೇ ಕುಳಿತುಬಿಟ್ಟ.

ಕಡ್ಡಾಯ ಸೈನಿಕನ ಬಲ ಹೆಚ್ಚಾಗಿ ಇಂಥದ್ದೇ. ಬಂದೂಕು ತಿರುಗಿಸುವುದು ಕಡಿಮೆ, ಹೇಳಿದ ಕೆಲಸ ಮಾಡದೇ ಇರುವುದು ಜಾಸ್ತಿ.

1961ರ ಏಪ್ರಿಲ್‌ನಲ್ಲಿ, ಆಗ ಫ್ರಾನ್ಸಿನ ಕೈಲಿದ್ದ ಅಲ್ಜೀರಿಯಾದಲ್ಲೂ ಹೀಗೇ ಆಯಿತು. ನಾಲ್ವರು ನಿವೃತ್ತ ಫ್ರೆಂಚ್ ಜನರಲ್‌ಗಳು ಫ್ರಾನ್ಸಿನ ಅಧ್ಯಕ್ಷ ದ ಗಾಲ್ ವಿರುದ್ಧ ದಂಗೆ ಎದ್ದರು. ಅವರ ಮುಂದಾಳುಪಡೆ ವಿದೇಶಿಯರ ಲೀಜನ್‌ನ ಪ್ಯಾರಾಶೂಟ್ ರೆಜಿಮೆಂಟ್, ಅಪ್ಪಟ ಪಗಾರದ ಪಡೆ. ಅಲ್ಲಿದ್ದ ನಾಲ್ಕು ಲಕ್ಷಕ್ಕೂ ಹೆಚ್ಚು ಸೈನಿಕರಲ್ಲಿ ಬಹುಪಾಲು ಮಾತ್ರ ಕಡ್ಡಾಯಕ್ಕೆ ಬಂದ ಹುಡುಗರು. 23ರ ರಾತ್ರಿ ದ ಗಾಲ್ ರೇಡಿಯೊದಲ್ಲಿ ಮಾತಾಡಿ, ಆ ಜನರಲ್‌ಗಳ ಯಾವ ಆಜ್ಞೆಯನ್ನೂ ಪಾಲಿಸಬೇಡಿ ಎಂದರು. ಬ್ಯಾರಕ್‌ಗಳಲ್ಲಿ ಹುಡುಗರ ಬಳಿ ಸಣ್ಣ ಟ್ರಾನ್ಸಿಸ್ಟರ್‌ಗಳಿದ್ದವು. ಅಧಿಕಾರಿಗಳು ಏನು ಮುಚ್ಚಿಟ್ಟರೂ ಮಾತು ನೇರ ಕಿವಿಗೆ ಬಿತ್ತು. ಮಾರನೇ ದಿನದಿಂದ ಹೇಳಿದ್ದನ್ನು ಕೇಳುವವರೇ ಇಲ್ಲ. ಕೆಲವು ಪೈಲಟ್‌ಗಳು ಸಾಗಣೆ ವಿಮಾನಗಳನ್ನೇ ಫ್ರಾನ್ಸಿಗೆ ಹಾರಿಸಿಕೊಂಡು ಹೋದರು. ನಾಲ್ಕೈದು ದಿನದಲ್ಲಿ ದಂಗೆ ಮುಗಿಯಿತು.

ಇಷ್ಟು ನಿಮ್ಮ ಪರವಾಗಿ. ಆದರೆ ಎರಡೂ ಕಡೆ ಹುಡುಗನ ಮುಂದೆ ಎರಡು ಆಜ್ಞೆಗಳಿದ್ದವು. ಒಬ್ಬ ಮೇಲಧಿಕಾರಿ ಹೊಡೆ ಎಂದರೆ ಇನ್ನೊಬ್ಬ ಬೇಡ ಎನ್ನುತ್ತಿದ್ದ. ಹಾಗಾಗಿ ಅವನಿಗೆ ಯಾವುದನ್ನು ಕೇಳಬೇಕು ಎಂಬ ಆಯ್ಕೆ ಸಿಕ್ಕಿತು. ಮೇಲಿನವರೆಲ್ಲ ಒಂದೇ ಆಗಿದ್ದರೆ?

ಆಗ ಚಿಲಿ ಆಗುತ್ತದೆ. ಅಲ್ಲೂ ಕಡ್ಡಾಯ ಸೇವೆ ಇತ್ತು. 1973ರ ಆಗಸ್ಟ್‌ನಲ್ಲಿ ಸಂವಿಧಾನಕ್ಕೆ ಬದ್ಧರಾಗಿದ್ದ ದಂಡನಾಯಕ ಪ್ರಾಟ್ಸ್ ರಾಜೀನಾಮೆ ಕೊಡಬೇಕಾಯಿತು. ದಂಗೆಯ ಸಂಚನ್ನು ವಿರೋಧಿಸಿದ ನಾವಿಕರನ್ನು ಅದೇ ತಿಂಗಳು ಹಿಡಿದು ಹಿಂಸಿಸಿದರು. ಸೆಪ್ಟೆಂಬರ್ 11ರ ದಂಗೆಯ ದಿನ ಬೀದಿಗೆ ಬಂದ ಹುಡುಗನಿಗೆ ಕೇಳಿಸಿದ್ದು ಒಂದೇ ಆಜ್ಞೆ. ದಂಗೆಯ ನಾಯಕ ಪಿನೋಷೆ 1990ರವರೆಗೆ ಆಳಿದ. ಆ ಹುಡುಗರೂ ಬಡವರ ಮನೆ ಮಕ್ಕಳೇ ಅಲ್ವಾ?

ನೀವು ಹೇಳಿದ ಪೆಟ್ರೊಗ್ರಾಡ್ ಬೇರೆ ಕಥೆ, ಒಪ್ಪುತ್ತೇನೆ. ವೊಲಿನ್ಸ್ಕಿ ರೆಜಿಮೆಂಟಿನವರು ಹಿಂದಿನ ದಿನ ಜನರ ಮೇಲೆ ಗುಂಡು ಹಾರಿಸಿದ್ದರು. ಮರುದಿನ ಬೆಳಗ್ಗೆ ಇನ್ನು ಹಾರಿಸುವುದಿಲ್ಲ ಎಂದರು. ಮುಂದೆ ನಿಂತವನು ಒಬ್ಬ ಸಾರ್ಜೆಂಟ್. ಆದರೆ ಅದಕ್ಕೆ ಎರಡೂವರೆ ವರ್ಷದ ಮಹಾಯುದ್ಧ, ರೊಟ್ಟಿಯ ಕೊರತೆ, ರಣರಂಗಕ್ಕೆ ಹೋಗುವ ಭಯ ಎಲ್ಲಾ ಕೂಡಿಬರಬೇಕಾಯಿತು.

ಆಳುವವರೂ ದಡ್ಡರಲ್ಲ. 1979ರ ಕ್ರಾಂತಿಯಲ್ಲಿ ದೊರೆ ಶಾಹನ ದೊಡ್ಡ ಸೈನ್ಯ ಕರಗಿದ್ದನ್ನು ಕಂಡ ಇರಾನಿನ ಹೊಸ ಆಡಳಿತ ಅದೇ ವರ್ಷ ರೆವಲ್ಯೂಷನರಿ ಗಾರ್ಡ್ ಎಂಬ ತನ್ನದೇ ನಂಬಿಕಸ್ಥ ಪಡೆ ಕಟ್ಟಿಕೊಂಡಿತು. ಸಿರಿಯಾದ ಅಧ್ಯಕ್ಷ ಅಸ್ಸಾದ್ 2011ರಲ್ಲಿ ಜನ ಬೀದಿಗಿಳಿದಾಗ ಎಷ್ಟೋ ಕಡ್ಡಾಯ ಸೈನಿಕರನ್ನು ಬ್ಯಾರಕ್‌ನಲ್ಲೇ ಕೂಡಿಹಾಕಿ, ತಮ್ಮನ ನಾಲ್ಕನೇ ಡಿವಿಷನ್‌ನಂಥ ಪಡೆಗಳನ್ನು ಜನರ ಮೇಲೆ ಬಿಟ್ಟ. ಮನೆಗೊಬ್ಬ ಸಿಪಾಯಿ ಲೆಕ್ಕಕ್ಕೆ ಮಾತ್ರ ಇದ್ದ.

ಇನ್ನು ಪಗಾರದ ಸೈನ್ಯ ಯಾವಾಗಲೂ ಸರ್ಕಾರದ್ದೇ ಎಂಬ ಮಾತು. ನಮ್ಮ ಮುಂಬಯಿಯಲ್ಲೇ, 1946ರ ಫೆಬ್ರುವರಿ 18ರಂದು, ಕೊಲಾಬಾದ ‘ತಲ್ವಾರ್’ ತರಬೇತಿ ಶಾಲೆಯ ನಾವಿಕರು ಮುಷ್ಕರ ಹೂಡಿದರು. ಎಲ್ಲರೂ ಸ್ವಇಚ್ಛೆಯಿಂದ ಸೇರಿದವರೇ. ಕೆಟ್ಟ ಊಟ, ಅಧಿಕಾರಿಯ ಬೈಗುಳ, ಅಷ್ಟರಿಂದ ಹೊತ್ತಿಕೊಂಡಿತು. ಅವರ ಬೆಂಬಲಕ್ಕೆ ಬೀದಿಗಿಳಿದ ಜನರಲ್ಲಿ 200ಕ್ಕೂ ಹೆಚ್ಚು ಮಂದಿ ಗುಂಡಿಗೆ ಸತ್ತರು. ಅಲ್ಲಿಗೆ ಬ್ರಿಟಿಷರಿಗೆ ಒಂದು ವಿಷಯ ಖಾತ್ರಿಯಾಯಿತು: ಭಾರತೀಯ ಪಡೆಗಳನ್ನು ನಂಬಿ ಕೂರುವ ಕಾಲ ಮುಗಿಯಿತು.

ಹಾಗಾಗಿ ಆ ಸಂಪಾದಕೀಯ ನಾನು ಬರೆಯುವುದಿಲ್ಲ. ಜನರ ಮೇಲೆ ಗುಂಡು ಬೀಳಬಾರದು ಎಂದು ಮನೆ ಮಗನನ್ನು ಬಂದೂಕಿನ ಹಿಂದೆ ನಿಲ್ಲಿಸುವ ಲೆಕ್ಕ ನನಗೆ ಹಿಡಿಸಲಿಲ್ಲ. ಪೋರ್ಚುಗಲ್‌ನವರು ಆ ಒಂದು ಬೆಳಗಿಗಾಗಿ ಹದಿಮೂರು ವರ್ಷ ಮಕ್ಕಳನ್ನು ಆಫ್ರಿಕಾಕ್ಕೆ ಕಳಿಸಿದರು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪತ್ರದ ಕೊನೆಯಲ್ಲಿ, ಸೆರೆಸಿಕ್ಕ ಪೋರ್ಚುಗೀಸ್ ಸಿಪಾಯಿಗಳನ್ನು ಫೋಂಡಾದ ಶಿಬಿರದಲ್ಲಿ ನೋಡಿದ್ದ ನೆರೆಮನೆಯ ಅಜ್ಜನ ಬಗ್ಗೆ ಎರಡು ಸಾಲು ಬರೆದು ಬಿಟ್ಟಿದ್ದೀರಿ. ಆ ಹುಡುಗರು ಏನು ತಿನ್ನುತ್ತಿದ್ದರು, ಊರಿನವರ ಜೊತೆ ಏನು ಮಾತಾಡುತ್ತಿದ್ದರು? ಅಜ್ಜನನ್ನು ಕೇಳಿ ಎರಡು ಪುಟ ಬರೆದು ಕಳಿಸಿ. ಅದನ್ನು ಕತ್ತರಿಸದೆ ಹಾಕುತ್ತೇವೆ.

– ಸಂಪಾದಕ